ಪಡುವಣ ಗೋಡೆ

ಸಣ್ಣ ಮೇಸ್ತ್ರಿಗೆ ವಯಸ್ಸು ಐವತ್ತಾರು. ಮೀಸೆ ಪೂರ್ತಿ ಬೆಳ್ಳಗಾಗಿದೆ, ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಆದರೂ ಗಾರೆ ಕೆಲಸದವರ ಬಾಯಲ್ಲಿ ಅವನು ಸಣ್ಣ ಮೇಸ್ತ್ರಿಯೇ. ದೊಡ್ಡ ಮೇಸ್ತ್ರಿ ಅಂದರೆ ಅವನ ಅಣ್ಣ. ಆ ಅಣ್ಣ ತೀರಿಕೊಂಡು ಏಳು ತಿಂಗಳಾಗಿತ್ತು. ದೊಡ್ಡವನು ಹೋದ ಮಾತ್ರಕ್ಕೆ ಸಣ್ಣವನಿಗೆ ಬಡ್ತಿ ಕೊಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ.

ಅಣ್ಣ ಹೋದ ದಿನ ಅವನು ಅಳಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಗೋಡೆಗೆ ಒರಗಿದ ದೊಡ್ಡ ಮೇಸ್ತ್ರಿ ಮತ್ತೆ ನೆಟ್ಟಗೆ ಕೂರಲಿಲ್ಲ. ಮನೆ ತುಂಬ ಜನ ಸೇರಿದರು, ಅತ್ತಿಗೆ ಎದೆ ಬಡಿದುಕೊಂಡು ಅತ್ತಳು. ಇವನು ಮಾತ್ರ ಅಣ್ಣ ಒರಗಿದ್ದ ಜಾಗದಲ್ಲಿ ಗಿಲಾವು ಕೂದಲೆಳೆಯಷ್ಟು ಬಿರುಕು ಬಿಟ್ಟಿರುವುದನ್ನು ನೋಡುತ್ತ ನಿಂತಿದ್ದ. ಕಂಡವರು ಕಲ್ಲು ಮನುಷ್ಯ ಅಂದರು. ಅವನೇನೂ ಅಳಬಾರದೆಂದು ಹಟ ಹಿಡಿದಿರಲಿಲ್ಲ. ಬರಲಿ ಅಂತ ನಾಲ್ಕಾರು ದಿನ ಕಾದೂ ನೋಡಿದ. ಹಲ್ಲು ಕೀಳುವ ಮುಂಚೆ ದವಡೆಗೆ ಕೊಡುವ ಇಂಜೆಕ್ಷನ್ ಇದೆಯಲ್ಲ, ಅದು ಮೈಯಿಡೀ ಹರಡಿಕೊಂಡು ಇಳಿಯುವುದನ್ನೇ ಮರೆತ ಹಾಗಿತ್ತು. ಸಾರಿಗೆ ಉಪ್ಪು ಹೆಚ್ಚಾದರೂ ಗೊತ್ತಾಗುತ್ತಿರಲಿಲ್ಲ, ಹಾಕದೇ ಇದ್ದರೂ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಕೇಳಿ ಕೇಳಿ ಸುಸ್ತಾಗಿ ಕೇಳುವುದನ್ನೇ ಬಿಟ್ಟಿದ್ದಳು.

ತರಬೇತಿಗೆ ಅವನ ಹೆಸರು ಕೊಟ್ಟವಳು ಅತ್ತಿಗೆ. ಮೂವತ್ತು ವರ್ಷ ಗಂಡನ ಜೊತೆ ಸುಣ್ಣ ಅರಳಿಸಿ, ಮರಳು ಜರಡಿ ಹಿಡಿದು, ಗಾರೆ ಕಲಸಿ ಕೊಟ್ಟವಳು ಅವಳು. ಹಳೆಯ ಕಟ್ಟಡಗಳನ್ನು ಕೆಡಿಸದೆ, ಬೇಸಿಗೆಯಲ್ಲಿ ತಂಪಾಗಿ ಚಳಿಯಲ್ಲಿ ಬೆಚ್ಚಗೆ ಇರುವ ಹಾಗೆ, ಕರೆಂಟು ಕಡಿಮೆ ತಿನ್ನುವ ಹಾಗೆ ದುರಸ್ತಿ ಮಾಡುವುದನ್ನು ಆರು ವಾರ ಕಲಿಸುತ್ತಾರೆ ಎಂದು ಕೇಳಿದ್ದೇ ತಡ, ತನ್ನ ಹೆಸರಿನ ಕೆಳಗೆ ಮೈದುನನ ಹೆಸರನ್ನೂ ಬರೆಸಿ ಬಂದಿದ್ದಳು.

"ಹಳೇ ಕೋರ್ಟಿನ ಕೆಲಸಕ್ಕೆ ಇನ್ಮೇಲೆ ಸರ್ಟಿಫಿಕೇಟ್ ಇದ್ದೋರನ್ನೇ ತಗೋತಾರಂತೆ. ನಂಗಂತೂ ಬೇಕು. ನೀನೂ ಬಾ. ಮನೇಲಿ ಕೂತು ಗೋಡೆ ನೋಡೋ ಬದಲು ಅಲ್ಲಿ ನೋಡು. ಅಲ್ಲಾದ್ರೆ ಊಟನಾದ್ರೂ ಹಾಕ್ತಾರೆ" ಅಂದಿದ್ದಳು.

"ಎಲ್ಲಿ ಅತ್ತಿಗೆ?"

"ಹಳೇ ಲೈಬ್ರರೀಲಿ."

ಸಣ್ಣ ಮೇಸ್ತ್ರಿಯ ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಆಗಲಿ ಅಂದ, ಕರಣೆ ಒರೆಸಿ ಚೀಲಕ್ಕೆ ಹಾಕಿಕೊಂಡ.

ಲೈಬ್ರರಿಯ ಓದುವ ಹಾಲು ಎರಡಾಳೆತ್ತರದ್ದು. ಎರಡಡಿ ದಪ್ಪದ ಸುಣ್ಣದ ಗೋಡೆಗಳು, ಉದ್ದನೆ ಕಿಟಕಿಗಳು, ಮೇಲೆ ಐದು ದಪ್ಪ ಮರದ ತೊಲೆಗಳು. ತೊಲೆಗಳ ಒಂದು ತುದಿ ಮೂಡಣ ಗೋಡೆಯೊಳಗೆ, ಇನ್ನೊಂದು ತುದಿ ಪಡುವಣ ಗೋಡೆಯೊಳಗೆ. ಕಲಿಯಲು ಬಂದವರು ಹದಿನೆಂಟು ಜನ: ಗಾರೆಯವರು, ಬಡಗಿಗಳು, ಹೆಂಚಿನವರು, ಜೊತೆಗೊಬ್ಬ ಬಣ್ಣದವನು. ಈ ಬಣ್ಣದವನಿಗೆ ಗೋಡೆಗೆ ಬಳಿಯುವುದಕ್ಕಿಂತ ಮಾತಿಗೆ ಬಳಿಯುವುದರಲ್ಲಿ ಕೈ ಚುರುಕು. ಕಲಿಸುವ ಇಂಜಿನಿಯರಮ್ಮ ಕಂಡದ್ದನ್ನೆಲ್ಲ ಅಳೆಯುತ್ತಿದ್ದರು. ಎರಡನೇ ದಿನಕ್ಕೆಲ್ಲ ಅವರ ಹೆಸರು ಮೀಟರ್ ಮೇಡಂ ಎಂದಾಯಿತು.

ಮೊದಲ ದಿನವೇ ಮೇಡಂ ಒಂದು ಕ್ಯಾಮೆರಾ ತಂದರು. ಅದರ ಪರದೆಯಲ್ಲಿ ಬೆಚ್ಚಗಿರುವುದು ಕೆಂಪಗೆ, ತಣ್ಣಗಿರುವುದು ನೀಲಿಯಾಗಿ ಕಾಣುತ್ತದೆ. ಮೂರು ಗೋಡೆಗಳು ಕಿತ್ತಳೆ ಬಣ್ಣಕ್ಕಿದ್ದವು. ಪಡುವಣ ಗೋಡೆ ಬುಡದಿಂದ ನೆತ್ತಿಯವರೆಗೆ ಕಡುನೀಲಿಯಾಗಿತ್ತು.

"ಇದು ಒದ್ದೆ. ಒದ್ದೆ ಬಟ್ಟೆ ಹಾಕ್ಕೊಂಡು ಚಳೀಲಿ ನಿಂತ್ರೆ ಏನಾಗುತ್ತೆ? ಗೋಡೆಗೂ ಅಷ್ಟೇ, ಮೈಯಲ್ಲಿರೋ ಶಾಖ ಎಲ್ಲ ಹೊರಗೆ" ಅಂದರು ಮೇಡಂ. ಬೆರಳ ಗಿಣ್ಣಿನಿಂದ ಗೋಡೆ ಕುಟ್ಟಿದರು. ಠಣ್ ಅಂದಿತು. "ಕೇಳಿಸ್ತಾ? ಸಿಮೆಂಟು. ಸುಣ್ಣದ ಗೋಡೆ ಕುಡಿದ ನೀರನ್ನ ಸುಣ್ಣದಲ್ಲೇ ಹೊರಗೆ ಬಿಡುತ್ತೆ. ಅದರ ಮೇಲೆ ಯಾರೋ ಪುಣ್ಯಾತ್ಮ ಸಿಮೆಂಟು ಬಳಿದು ಬಾಯಿ ಹೊಲಿದಿದಾನೆ. ನೀರು ಒಳಗೇ ಉಳೀತು. ತೊಲೆಗಳ ಪಕ್ಕ ಹಳೇ ಕಾಲದೋರು ಗಾಳಿಗೆ ಗಂಡಿ ಬಿಟ್ಟಿರ್ತಾರೆ, ಅದೂ ಕಾಣ್ತಿಲ್ಲ. ತೊಲೆ ತುದಿ ಇಷ್ಟೊತ್ತಿಗೆ ಕೊಳೆತಿರುತ್ತೆ. ಇದು ಆರು ವಾರದಲ್ಲಿ ಮುಗಿಯೋ ಕೆಲಸ ಅಲ್ಲ, ಮುಂದಿನ ವರ್ಷ ಪೂರ್ತಿ ಕೆತ್ತಬೇಕು."

"ಇದು ದೊಡ್ಡ ಮೇಸ್ತ್ರಿ ಹಿಡಿದಿದ್ದ ಕೆಲಸ ಅಲ್ವಾ?" ಅಂದ ಬಣ್ಣದವನು. "ಇಪ್ಪತ್ತೆರಡು ವರ್ಷದ ಹಿಂದೆ. ನಾನೇ ಕಿಟಕಿಗೆ ಬಣ್ಣ ಹೊಡೆದಿದ್ದು."

ಹದಿನೇಳು ಜನ ಅತ್ತಿಗೆಯ ಕಡೆ ನೋಡಿದರು. ಅವಳು ಸೆರಗಿನ ತುದಿಯಲ್ಲಿ ಅಂಟಿದ್ದ ಸುಣ್ಣ ಕೆರೆಯುತ್ತ ತಲೆ ತಗ್ಗಿಸಿದಳು. ಸಣ್ಣ ಮೇಸ್ತ್ರಿ ಬಾಯಿ ಬಿಡಲಿಲ್ಲ. ಹೆದರಿಕೆಯಿಂದಲ್ಲ, ಹೆದರಿಕೆಯಾಗಿದ್ದರೆ ಎಷ್ಟೋ ವಾಸಿ. ನಾಲಿಗೆ ಯಾರದೋ ಬಾಯಲ್ಲಿರುವ ಹಾಗೆ ಸುಮ್ಮನೆ ಬಿದ್ದಿತ್ತು. ಮೇಡಂ ಮುಂದಿನ ಗೋಡೆಗೆ ಹೋದರು, ಎಲ್ಲರೂ ಹಿಂದೆ ಹೋದರು, ಅವನೂ ಹೋದ.

ನಡೆದದ್ದು ಹೀಗೆ. ಆ ಕೆಲಸ ಹಿಡಿದವನು ಅಣ್ಣನೇ, ಅದು ನಿಜ. ಉದ್ಘಾಟನೆಗೆ ಹನ್ನೆರಡು ದಿನವಿತ್ತು, ಸುಣ್ಣದ ಗಾರೆ ಒಣಗಲು ತನ್ನ ಪಾಡಿಗೆ ತಾನು ಸಮಯ ತಿನ್ನುತ್ತಿತ್ತು. ಅಷ್ಟರಲ್ಲಿ ಅತ್ತಿಗೆಗೆ ಹೆರಿಗೆ ನೋವು ಬಂತು, ಅಣ್ಣ ನಾಲ್ಕು ದಿನ ಆಸ್ಪತ್ರೆಯಲ್ಲಿ ಉಳಿದ. ಆ ನಾಲ್ಕು ದಿನದಲ್ಲಿ ಸಣ್ಣ ಮೇಸ್ತ್ರಿ ಪಡುವಣ ಗೋಡೆಯನ್ನು ಸಿಮೆಂಟಿನಲ್ಲಿ ಮುಗಿಸಿದ. ಅಣ್ಣ ಬಂದು ಭೇಷ್ ಅನ್ನಲಿ ಎಂಬ ಆಸೆ ಅವನದು. ತೊಲೆಗಳ ಪಕ್ಕ ಮುಷ್ಟಿಗಾತ್ರದ ಐದು ಗಂಡಿಗಳಿದ್ದವು. ಇಲಿ ಬಿಲವಿರಬೇಕು ಅಂದುಕೊಂಡು ಇಟ್ಟಿಗೆ ಚೂರು ತುರುಕಿ ಮೆತ್ತಿದ. ಮಟ್ಟಗೋಲು ಇಟ್ಟರೆ ಒಂದು ಕೂದಲು ನುಸುಳದಷ್ಟು ನುಣುಪಾಗಿ ಬಂದಿತ್ತು ಗೋಡೆ. ಅಂಥ ಗಿಲಾವನ್ನು ಅವನು ಅದಕ್ಕೆ ಮುಂಚೆ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ಅಣ್ಣ ಬಂದು ಗೋಡೆಯ ಮೇಲೆ ಅಂಗೈ ಇಟ್ಟ. ಬಹಳ ಹೊತ್ತು ಇಟ್ಟುಕೊಂಡೇ ಇದ್ದ. "ಮೂಗು ಮುಚ್ಚಿಬಿಟ್ಟೆಯಲ್ಲೋ" ಅಂದ. ಅಷ್ಟೇ. ಬೈದಿದ್ದರೆ ಮುಗಿಯುತ್ತಿತ್ತು. ಬೈಯಲಿಲ್ಲ. ಆದರೆ ಅಂದಿನಿಂದ ತಮ್ಮನೊಬ್ಬನನ್ನೇ ಯಾವ ಕೆಲಸಕ್ಕೂ ಬಿಡಲಿಲ್ಲ, ಒಂದು ಒಲೆಯ ಕಟ್ಟೆ ಸವರಲೂ ಬಿಡಲಿಲ್ಲ. ತಮ್ಮನಿಗೆ ಅದು ಮುಳ್ಳಾಯಿತು. ಇಬ್ಬರೂ ಇಪ್ಪತ್ತೆರಡು ವರ್ಷ ಗೋಡೆಗೆ ಗಳ ಕಟ್ಟಿದ ಒಂದೇ ಸಾರುವೆಯ ಮೇಲೆ, ಒಂದೇ ಹಲಗೆ ತುಳಿಯುತ್ತ ದುಡಿದರು. ಗಾರೆ ಕೊಡು, ನೀರು ಚಿಮುಕಿಸು, ಕೆಳಗೆ ನೋಡ್ಕೊಂಡು ಇಳಿ, ಇಷ್ಟೇ ಮಾತು. ಜಗಳ ಆಡಿದ್ದರೆ ಊರೇ ಬಂದು ಬಿಡಿಸುತ್ತಿತ್ತು. ಜಗಳವಿಲ್ಲದ ಮುನಿಸನ್ನು ಯಾರು ಬಿಡಿಸುತ್ತಾರೆ?

ಆರು ವಾರ ಕಳೆಯಿತು. ಬಡಗಿಗಳು ಕಿಟಕಿ ಚೌಕಟ್ಟುಗಳ ಸಂದಿಗೆ ಉಣ್ಣೆಯ ಪಟ್ಟಿ ಕೂರಿಸಿದರು. ಹೆಂಚಿನವರು ಮಾಡಿನ ಒಳಗೆ ಶಾಖ ತಡೆಯುವ ಹಾಸು ಹಾಸಿದರು. ಗಾರೆಯವರು ಸುಣ್ಣಕ್ಕೆ ಸೆಣಬಿನ ನಾರು ಬೆರೆಸಿ ಉಳಿದ ಮೂರು ಗೋಡೆಗಳಿಗೆ ದಪ್ಪ ಗಿಲಾವು ಕೊಟ್ಟರು. ಅತ್ತಿಗೆ ಕಲಸಿದ ಗಾರೆಯನ್ನು ಕಂಡು ಮೇಡಂ ಅಳೆಯುವುದನ್ನೇ ಮರೆತರು. ಅವಳು ಮೊದಲ ಸಲ ಕರಣೆ ಹಿಡಿದು ಗೋಡೆ ಸವರಿದ ದಿನ, ಬಣ್ಣದವನು "ದೊಡ್ಡ ಮೇಸ್ತ್ರಿಗಿಂತ ವಾಸಿ, ಸಿಮೆಂಟ್ ಹಾಕ್ಲಿಲ್ಲ" ಎಂದು ಹಲ್ಲು ಕಿರಿದ. ಮಾತು ತಮಾಷೆಯದೇ, ಆದರೂ ಅತ್ತಿಗೆಯ ಕರಣೆ ಒಂದು ಗಳಿಗೆ ನಿಂತು ಮುಂದೆ ಹೋಯಿತು. ಸಣ್ಣ ಮೇಸ್ತ್ರಿ ಅದನ್ನೂ ನೋಡಿದ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತಿಗೆ ತಾನಾಗಿಯೇ ಮಾತು ತೆಗೆದಳು.

"ನಿಮ್ಮಣ್ಣ ಅವಸರದ ಮನುಷ್ಯ ಅಲ್ಲ. ಈ ಗೋಡೆ ಯಾಕೆ ಹಿಂಗೆ ಮಾಡಿದ್ರೋ. ಆಗ ಅವರ ತಲೆ ನೆಟ್ಟಗಿರ್ಲಿಲ್ಲ ಬಿಡು. ಮಗು ಹುಟ್ಟಿ ಹತ್ತು ದಿನ ಆಗಿಲ್ಲ, ಭಾನುವಾರ ಬಂದ್ರೆ ಸಾಕು, ಬೆಳಿಗ್ಗೆ ಚೀಲ ಹೆಗಲಿಗೆ ಹಾಕ್ಕೊಂಡು ಮಾಯ. ಸಾಯಂಕಾಲ ಬರೋರು. ಎಲ್ಲಿಗೆ ಅಂದ್ರೆ ಬಾಯಿಗೆ ಬೀಗ. ನಾನು ಬಾಣಂತಿ, ಕೂಗಾಡಿದ್ದೇ ಕೂಗಾಡಿದ್ದು. ಎಲ್ಲೋ ಇಸ್ಪೀಟ್ ಆಡ್ತಿದ್ರು ಅಂತ ಈಗ್ಲೂ ನನ್ನ ಅನುಮಾನ."

"ಅಣ್ಣಂಗೆ ಇಸ್ಪೀಟ್ ಬರ್ತಿರ್ಲಿಲ್ಲ" ಅಂದ ಸಣ್ಣ ಮೇಸ್ತ್ರಿ.

"ಅದಕ್ಕೇ ಸೋತು ಬರ್ತಿದ್ರೇನೋ" ಅಂದು ಅತ್ತಿಗೆ ಡಬ್ಬಿ ಮುಚ್ಚಿದಳು.

ಗೋಡೆ ನಾನು ಮಾಡಿದ್ದು ಅಂತ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ತೊಳೆದುಕೊಂಡು ಎದ್ದ. ಸತ್ತವನ ಮೇಲೆ ತಪ್ಪು ಕೂತಿತ್ತು, ಇದ್ದವನು ತಣ್ಣಗಿದ್ದ.

ಕೊನೆಯ ದಿನ ಪರೀಕ್ಷೆ. ಕಾಗದದ ಪರೀಕ್ಷೆಯಲ್ಲ. ಹಾಲಿನ ಬಾಗಿಲಿಗೆ ಬಟ್ಟೆಯ ಚೌಕಟ್ಟು ಬಿಗಿದು, ಅದರ ನಡುವೆ ಆಳುದ್ದದ ಫ್ಯಾನು ಕೂರಿಸಿದರು. ಅದು ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ಕಟ್ಟಡದಲ್ಲಿ ಎಲ್ಲೆಲ್ಲಿ ಸಂದಿಯಿದೆಯೋ ಅಲ್ಲೆಲ್ಲ ಹೊರಗಿನ ಗಾಳಿ ನುಗ್ಗುತ್ತದೆ. ಎಷ್ಟು ನುಗ್ಗಿತೆಂದು ಯಂತ್ರ ಹೇಳುತ್ತದೆ. ಅಂಕಿ ಆರಕ್ಕಿಂತ ಕೆಳಗೆ ಬಂದರೆ ಹದಿನೆಂಟು ಜನಕ್ಕೂ ಸರ್ಟಿಫಿಕೇಟ್. ಬರದಿದ್ದರೆ ಯಾರಿಗೂ ಇಲ್ಲ.

ಏಳು ಬಂತು.

ಮೇಡಂ ಹೊಗೆ ಬಿಡುವ ಸಣ್ಣ ಕೊಳವೆಯನ್ನು ಗಳದ ತುದಿಗೆ ಕಟ್ಟಿಕೊಂಡು ಸುತ್ತಿದರು. ಕಿಟಕಿಗಳ ಹತ್ತಿರ ಹೊಗೆ ಅಲುಗಾಡಲಿಲ್ಲ. ಬಡಗಿಗಳು ಬೀಗಿದರು. ಪಡುವಣ ಗೋಡೆಯ ನೆತ್ತಿಯಲ್ಲಿ ಮುಂದಕ್ಕೆ ಚಾಚಿದ ಗಾರೆಯ ಪಟ್ಟಿಯಿದೆ; ಅದರ ಮೇಲೆ ಹಿಡಿದಾಗ ಹೊಗೆ ಸರ್ರನೆ ಒಳಕ್ಕೆ ಬಾಗಿತು. ಒಂದು ಕಡೆಯಲ್ಲ, ಐದು ಕಡೆ.

"ಪಟ್ಟಿ ಮೇಲೆ ಬಿರುಕು ಇರಬೇಕು, ಕೆಳಗಿಂದ ಕಾಣಲ್ಲ. ಸಣ್ಣ ಮೇಸ್ತ್ರಿ, ಹತ್ತಿ ಮುಚ್ಚಿಬಿಡಿ. ಅರ್ಧ ಗಂಟೆ ಕೆಲಸ" ಅಂದರು ಮೇಡಂ.

ಅವನು ನಾರು ಬೆರೆಸಿದ ಗಾರೆಯ ಬೋಗುಣಿ ಹಿಡಿದು ಸಾರುವೆ ಹತ್ತಿದ. ಮೊದಲ ಜಾಗ ಮಸಿ ಬಳಿದಂತೆ ಕತ್ತಲಾಗಿತ್ತು. ತಣ್ಣನೆಯ ಗಾಳಿ ಮಣಿಕಟ್ಟಿಗೆ ಬಡಿಯಿತು. ಕೈ ತನ್ನ ಪಾಡಿಗೆ ತಾನು ಗಾರೆ ತುಂಬಿತು, ಒತ್ತಿತು, ಸವರಿತು. ಗಾಳಿ ನಿಂತಿತು. ಎರಡನೆಯದಕ್ಕೆ ಸರಿದ. ಇಲ್ಲಿ ಬೆಳಕು ಸ್ವಲ್ಪ ಬೀಳುತ್ತಿತ್ತು. ತುಂಬುವ ಮುಂಚೆ ಧೂಳು ತೆಗೆಯಲೆಂದು ಬೆರಳು ಹಾಕಿದ.

ಬಿರುಕಿಗೆ ಒರಟು ಅಂಚಿರುತ್ತದೆ. ಇದಕ್ಕೆ ದುಂಡನೆಯ, ನಯವಾದ ಅಂಚಿತ್ತು. ಮಣ್ಣಿನ ಕೊಳವೆ. ಓರೆಯಾಗಿ ಕೆಳಕ್ಕೆ, ತೊಲೆಯ ತುದಿಯ ಪಕ್ಕಕ್ಕೇ ಇಳಿದಿತ್ತು. ಅದರ ಸುತ್ತ ಸಿಮೆಂಟಲ್ಲ, ಸುಣ್ಣದ ಗಾರೆ. ಆ ಗಾರೆಯ ಮೇಲೆ ಕರಣೆಯ ಗುರುತಿಲ್ಲ, ಹೆಬ್ಬೆರಳಿನ ಗುರುತು. ಎಡಗಡೆಗೆ ಸೊಟ್ಟಗೆ ಎಳೆದ ಹೆಬ್ಬೆರಳು.

ಅಣ್ಣನ ಎಡಗೈ ಹೆಬ್ಬೆರಳಿನ ಮೇಲೆ ಹರೆಯದಲ್ಲೇ ಕಲ್ಲು ಬಿದ್ದು ಸೊಟ್ಟಗಾಗಿತ್ತು. ಸಣ್ಣ ತೇಪೆಗಳನ್ನು ಅವನು ಯಾವಾಗಲೂ ಆ ಬೆರಳಿನಲ್ಲೇ ಮುಗಿಸುತ್ತಿದ್ದ. ಕರಣೆಗೆ ಕಣ್ಣಿಲ್ಲ ಅನ್ನುತ್ತಿದ್ದ.

ಸಣ್ಣ ಮೇಸ್ತ್ರಿ ಬಗ್ಗಿ ಪಟ್ಟಿಯ ಕೆಳಗೆ ನೋಡಿದ. ಅವನ ನುಣುಪು ಗಿಲಾವು ಇಪ್ಪತ್ತೆರಡು ವರ್ಷದ ಹಿಂದೆ ಇದ್ದಂತೆಯೇ ಇತ್ತು. ಒಂದು ಗೀರು ಬಿದ್ದಿರಲಿಲ್ಲ. ಸಿಮೆಂಟನ್ನು ಸುತ್ತಿಗೆಯಲ್ಲಿ ಒಡೆದಿದ್ದರೆ ಅದು ಕೆಳಗಿನವರೆಗೂ ಸೀಳುತ್ತಿತ್ತು. ಹೀಗೆ ತೆರೆಯಬೇಕಾದರೆ ಸಣ್ಣ ಉಳಿಯಲ್ಲಿ ಕಾಳು ಕಾಳಾಗಿ ಕೆರೆಯಬೇಕು. ಒಂದು ಗಂಡಿಗೆ ಬೆಳಗಿನಿಂದ ಸಂಜೆಯವರೆಗೆ ಬೇಕು. ತಮ್ಮನ ತಪ್ಪನ್ನು ತಿದ್ದಿ, ತಮ್ಮನ ಕೆಲಸಕ್ಕೆ ಏಟಾಗದಂತೆ ತಿದ್ದಿ, ಯಾರಿಗೂ ಕಾಣದ ಕಡೆ ಬಚ್ಚಿಟ್ಟು ಹೋಗಿದ್ದ ಪುಣ್ಯಾತ್ಮ.

"ಆಯ್ತಾ ಮೇಸ್ತ್ರಿ?" ಕೆಳಗಿನಿಂದ ಮೇಡಂ ಕೂಗಿದರು.

ಬೋಗುಣಿಯಲ್ಲಿ ಗಾರೆ ಇತ್ತು. ಉಳಿದ ನಾಲ್ಕನ್ನೂ ಮುಚ್ಚಿದರೆ ಅಂಕಿ ಇಳಿಯುತ್ತದೆ. ಅತ್ತಿಗೆಗೆ ಸರ್ಟಿಫಿಕೇಟ್ ಸಿಗುತ್ತದೆ, ಯಾರೂ ಏನೂ ಕೇಳುವುದಿಲ್ಲ, ತೊಲೆಗಳು ನಿಧಾನವಾಗಿ ಕೊಳೆಯುತ್ತವೆ. ಕೊಳೆತದ್ದು ಮುಂದಿನ ವರ್ಷ ಕಾಣುತ್ತದೆ. ಆಗ ಮತ್ತೆ ದೊಡ್ಡ ಮೇಸ್ತ್ರಿಯ ಹೆಸರೇ ಹೇಳುತ್ತಾರೆ.

"ಮೇಡಂ, ಇದನ್ನ ಮುಚ್ಚಬಾರದು" ಅಂದ.

"ಯಾಕೆ?"

"ಇದು ಬಿರುಕಲ್ಲ. ತೊಲೆಗೆ ಬಿಟ್ಟಿರೋ ಗಾಳಿ ಗಂಡಿ."

"ನಕ್ಷೇಲಿ ಇಲ್ವಲ್ಲ?"

"ನಕ್ಷೆ ಬರೆಯೋವಾಗ ಮುಚ್ಚಿತ್ತು."

"ಯಾರು ಮುಚ್ಚಿದ್ದು?"

ಫ್ಯಾನು ನಿಂತಿತ್ತು. ಹದಿನೇಳು ಮುಖಗಳು ಮೇಲೆ ನೋಡುತ್ತಿದ್ದವು. ಅವುಗಳಲ್ಲಿ ಒಂದನ್ನು ಮಾತ್ರ ನೋಡಿ ಸಣ್ಣ ಮೇಸ್ತ್ರಿ ಹೇಳಿದ.

"ನಾನು. ಈ ಗೋಡೆ ಪೂರ್ತಿ ನಂದೇ. ಅಣ್ಣ ಇರ್ಲಿಲ್ಲ, ಅತ್ತಿಗೆ ಹೆರಿಗೆಗೆ ಹೋಗಿದ್ದ. ಸಿಮೆಂಟ್ ಬಳಿದೋನು ನಾನು. ಅಣ್ಣ ಆಮೇಲೆ ಬಂದು ಗಂಡಿ ತೆಗೆದಿದಾನೆ. ನಂಗೂ ಹೇಳಿಲ್ಲ. ಇಲ್ಲಿ ಅವನ ಬೆರಳಿದೆ."

ಹೇಳುವಾಗ ದನಿ ಮಟ್ಟಸವಾಗಿತ್ತು, ಅಳತೆ ಓದಿ ಹೇಳಿದ ಹಾಗೆ. ಬಣ್ಣದವನು ತನ್ನ ಬ್ರಷ್ಷಿನಲ್ಲಿ ಏನೋ ಹುಡುಕತೊಡಗಿದ. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾರುವೆಯ ಬುಡಕ್ಕೆ ಬಂದಳು.

"ಮೊದಲ್ನೇ ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ಗೊತ್ತಿಲ್ಲ ಅತ್ತಿಗೆ."

"ಆರು ವಾರ ನಿಮ್ಮಣ್ಣನ ಮುಖಕ್ಕೆ ಮಸಿ ಬಳಿತಿದ್ರೆ ನೋಡ್ಕೊಂಡು ಕೂತಿದ್ದೆ. ನನ್ನ ಡಬ್ಬೀಲಿ ಕೈ ಹಾಕಿ ಪಲ್ಯ ತಿಂದೆ."

ಸಣ್ಣ ಮೇಸ್ತ್ರಿ ಬೋಗುಣಿ ಪಕ್ಕಕ್ಕಿಟ್ಟ. ಮೊದಲು ಮುಚ್ಚಿದ್ದ ಗಂಡಿಯ ಹಸಿ ಗಾರೆಯನ್ನು ಬೆರಳಿನಿಂದ ತೋಡಿ ತೆಗೆಯಲು ಕೂತ. ಕೊಳವೆಯ ಸುತ್ತಲಿನ ಹಳೆಯ ಗಾರೆಗೆ ತಾಗದಂತೆ, ಒದ್ದೆ ಬಟ್ಟೆಯಲ್ಲಿ ಒರೆಸಿದ.

ಮೇಡಂ ಹತ್ತಿ ಬಂದರು. ತೇವ ಅಳೆಯುವ ಉದ್ದನೆಯ ಸೂಜಿಯ ಮೀಟರನ್ನು ಕೊಳವೆಯೊಳಗೆ ಇಳಿಸಿ ತೊಲೆಯ ತುದಿಗೆ ಚುಚ್ಚಿದರು. ಇಪ್ಪತ್ತು ದಾಟಿದರೆ ಮರ ಕೊಳೆಯುತ್ತದೆಂದು ಅವರೇ ಪಾಠ ಮಾಡಿದ್ದರು. ಹನ್ನೆರಡು ತೋರಿಸಿತು. ಮುಂದಿನದು ಹನ್ನೊಂದು. ಐದೂ ಹಾಗೆಯೇ. ಸುತ್ತ ಗೋಡೆ ನೀರು ಕುಡಿದು ನಿಂತಿತ್ತು, ತೊಲೆಗಳು ಮಾತ್ರ ಒಣಗಿದ್ದವು.

"ನಾನು ಪಾಠದಲ್ಲಿ ತಪ್ಪು ಹೇಳಿಬಿಟ್ಟೆ" ಅಂದರು ಮೇಡಂ, ಮೆಲ್ಲಗೆ. ಆಮೇಲೆ ಎಂದಿನ ಗಟ್ಟಿ ದನಿಯಲ್ಲಿ, "ಬೇಕೂಂತಲೇ ಬಿಟ್ಟಿರೋ ಗಂಡಿ ಲೆಕ್ಕಕ್ಕಿಲ್ಲ. ಪರೀಕ್ಷೆ ಹೊತ್ತಿಗೆ ಮಾತ್ರ ಟೇಪು ಅಂಟಿಸಿ, ಆಮೇಲೆ ಕಿತ್ತುಬಿಡಿ. ಈ ಗೋಡೆ ಯಾರು ಮಾಡಿದ್ದು ಅಂತ ಮಾತ್ರ ವರದೀಲಿ ಬರೀತೀನಿ ಮೇಸ್ತ್ರಿ."

"ಬರೀರಿ. ಮುಂದಿನ ವರ್ಷ ಕೆತ್ತೋದೂ ನಾನೇ."

ಮೇಡಂ ಇಳಿದರು. ಟೇಪಿನ ಸುರುಳಿ ಹಿಡಿದು ಹತ್ತಿದವಳು ಅತ್ತಿಗೆ. ಮೈದುನನ ಕಡೆ ತಿರುಗಿಯೂ ನೋಡಲಿಲ್ಲ. ಮೊದಲನೆಯ ಗಂಡಿಗೆ ಟೇಪು ಅಂಟಿಸಿದಳು, ಎರಡನೆಯದಕ್ಕೆ ಅಂಟಿಸಿದಳು. ಮೂರನೆಯದರ ಹತ್ತಿರ ಕೈ ನಿಧಾನವಾಯಿತು. ಉಳಿದೆರಡನ್ನು ಕಣ್ಣಲ್ಲೇ ನೋಡಿದಳು.

"ಎಷ್ಟಿದಾವೆ?" ಅಂದಳು, ಎದುರಿಗೇ ಕಾಣುತ್ತಿದ್ದರೂ.

"ಐದು."

"ಒಂದಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ?"

"ಒಂದು ದಿನ."

ಅತ್ತಿಗೆ ಹಲಗೆಯ ಮೇಲೆ ಕುಕ್ಕರುಬಡಿದಳು. ಟೇಪಿನ ಸುರುಳಿ ಮಡಿಲಿಗೆ ಬಿತ್ತು.

"ಐದೇ ಐದು ಭಾನುವಾರ ಹೋಗಿದ್ರು ಕಣೋ. ನಾನು ಎಣಿಸಿದ್ದೆ. ಆರನೇ ವಾರ ಮನೇಲೇ ಉಳಿದ್ರು, ಮಗೂನ ಎತ್ಕೊಂಡು ಕೂತ್ರು. ನಾನು ಮಾತಾಡಿಸ್ಲಿಲ್ಲ. ಉಗುರಲ್ಲಿ ಸುಣ್ಣ ಇತ್ತು, ಅದೂ ಕಾಣಿಸ್ಲಿಲ್ಲ ನಂಗೆ. ನಮ್ಮನೆಯವರ ಉಗುರಲ್ಲಿ ಯಾವಾಗ ಸುಣ್ಣ ಇರ್ಲಿಲ್ಲ ಹೇಳು."

ಅವಳು ಎದ್ದು ಐದನೆಯ ಗಂಡಿಯ ಹತ್ತಿರ ಹೋದಳು. ತನ್ನ ಹೆಬ್ಬೆರಳನ್ನು ಆ ಸೊಟ್ಟ ಗುರುತಿನ ಮೇಲಿಟ್ಟಳು. ಸರಿಯಾಗಿ ಕೂರಲಿಲ್ಲ, ಬೆರಳನ್ನು ಎಡಕ್ಕೆ ಬಾಗಿಸಿ ಮತ್ತೆ ಇಟ್ಟಳು. ಕೆಳಗಿನಿಂದ ಮೇಡಂ, ಫ್ಯಾನು ಹಾಕಲಾ, ಎಂದು ಕೂಗಿದರು.

"ಅತ್ತಿಗೆ, ಟೇಪು" ಅಂದ ಸಣ್ಣ ಮೇಸ್ತ್ರಿ.

"ಇರು. ಅವಸರ ಮಾಡಬೇಡ."

ಆ ಮಾತನ್ನು ಅಣ್ಣ ಸಾರುವೆಯ ಮೇಲೆ ದಿನಕ್ಕೆ ನೂರು ಸಲ ಹೇಳುತ್ತಿದ್ದ. ಸಣ್ಣ ಮೇಸ್ತ್ರಿ ಅಭ್ಯಾಸಬಲದಿಂದ ಎಡಕ್ಕೆ ತಿರುಗಿದ, ಅಣ್ಣ ಯಾವಾಗಲೂ ನಿಲ್ಲುತ್ತಿದ್ದ ಕಡೆಗೆ. ಹಲಗೆ ಖಾಲಿಯಿತ್ತು. ಅವನ ಗಂಟಲಿನಿಂದ ಒಂದು ಸದ್ದು ಹೊರಟಿತು. ಅದು ತನ್ನದೇ ಎಂದು ಗೊತ್ತಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅಣ್ಣ ಸತ್ತುಹೋಗಿದ್ದ.

ಅತ್ತಿಗೆ ತಿರುಗಿ ನೋಡಿದಳು. ಒಂದು ಕೈಯಲ್ಲಿ ಅವನ ರಟ್ಟೆ ಹಿಡಿದುಕೊಂಡು, ಸಾರುವೆಯಿಂದ ಬೀಳದಿರಲಿ ಎಂದು, ಇನ್ನೊಂದು ಕೈಯಿಂದ ಕೆಳಗಿನವರಿಗೆ ಸ್ವಲ್ಪ ತಡೆಯಿರಿ ಎಂದು ಸನ್ನೆ ಮಾಡಿದಳು.